ಯುದ್ಧ ಮುಗಿದ ಮೇಲೆ ಮಗು ಯಾರ ಮನೆಗೆ?



ಯುದ್ಧದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಗುವಿಗೆ ಮತ್ತೊಂದು ಮನೆ ಸಿಗುವುದು ಹೇಗೆ ಎಂಬುದು ಇವತ್ತಿನ ನನ್ನ ವಿಷಯ. ದಿಕ್ಕಿಲ್ಲದ ಮಗುವಿಗೆ ಆಸರೆ ಸಿಕ್ಕಿತು ಎಂದು ಕೇಳಿದರೆ ಸಾಕು, ನಮಗೆಲ್ಲ ಮನಸ್ಸು ಹಗುರಾಗುತ್ತದೆ. ಸದ್ಯ, ಒಳ್ಳೆಯದಾಯಿತು ಎಂದುಕೊಂಡು ಎದ್ದು ಹೋಗುತ್ತೇವೆ. ಆಸರೆ ಕೊಟ್ಟವರು ಯಾರು, ಮಗು ನಿಜಕ್ಕೂ ತಬ್ಬಲಿಯೇ ಎಂದು ವಿಚಾರಿಸಿದವರಿದ್ದರೇ, ಹೊಸ ಮನೆಯಲ್ಲಿ ಅದರ ಹಳೆಯ ಹೆಸರಿಗೆ, ಮಾತಿಗೆ, ನೆನಪಿಗೆ ಜಾಗವಿತ್ತೇ ಎಂದು ಕೇಳುವುದಿಲ್ಲ. ಕೇಳಬೇಕು ಎಂಬುದೇ ನನ್ನ ವಾದ. ಮಗುವಿಗೆ ಹೊಸ ಕುಟುಂಬ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಕುಟುಂಬವನ್ನು ಒರೆಸಿ ಹಾಕಿ ಕೊಟ್ಟ ಹೊಸ ಕುಟುಂಬದಲ್ಲಿ ಯುದ್ಧ ಇನ್ನೂ ನಡೆಯುತ್ತಲೇ ಇರುತ್ತದೆ.

ನಮ್ಮ ಜನಕ್ಕೆ ಇದು ತಿಳಿಯದ ವಿಷಯವಲ್ಲ. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯ ಬಾಯಿಗೆ ಹೊರಡುವ ಮುಂಚೆ ಕರುವನ್ನು ದಾರಿಹೋಕರ ಕೈಗೆ ಕೊಡುವುದಿಲ್ಲ. ತನ್ನ ದೊಡ್ಡಿಯಲ್ಲೇ ಇರುವ ಹಸುಗಳನ್ನು ಕರೆದು, ಇವನು ನಿಮ್ಮವನು ಎಂದು ಒಪ್ಪಿಸುತ್ತಾಳೆ. ಮೊದಲು ನೆಂಟರು, ಆಮೇಲೆ ಊರವರು, ಕಡೆಗೆ ಅಪರಿಚಿತರು. ಆ ಸರದಿ ಹಾಡು ಕಟ್ಟಿದವರಿಗೆ ಗೊತ್ತಿತ್ತು. ಯುದ್ಧ ಬಂದಾಗ ಕೆಡುವುದು ಈ ಸರದಿಯೇ. ಎಷ್ಟೋ ಸಲ ಮಗುವಿನ ಹತ್ತಿರಕ್ಕೆ ಎಲ್ಲರಿಗಿಂತ ಮೊದಲು ಬರುವವನು ಗೆದ್ದವನು.

ಶ್ರೀರಂಗಪಟ್ಟಣದ ಒಂದು ಉದಾಹರಣೆ ನೋಡಿ. ಹೈದರ್ ಅಲಿಯ ತಂದೆ ಫತ್ ಮಹಮ್ಮದ್ ಕಾಳಗದಲ್ಲಿ ಮಡಿದಾಗ ಹೈದರ್ ಇನ್ನೂ ಎಳೆಯ ಹುಡುಗ. ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿ ಖಾನ್ ಎಂಬಾತ ಆ ಮನೆಯ ಆಸ್ತಿಯನ್ನೆಲ್ಲ ಕಿತ್ತುಕೊಂಡ. ಇನ್ನೂ ಹಣ ಕೊಡಿ ಎಂದು ಹೈದರನನ್ನೂ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂರಿಸಿ, ಮೇಲಿಂದ ಬಾರಿಸಿ ಹಿಂಸಿಸಿದ ಎಂದು ಚರಿತ್ರೆಕಾರರು ಬರೆದಿದ್ದಾರೆ. ಚರ್ಮ ಬಿಗಿದ ಆ ಕತ್ತಲೆಯಲ್ಲಿ ಕುಳಿತ ಮಗುವನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಳ್ಳಿ. ಕಡೆಗೆ ಮೈಸೂರಿನ ಸೇವೆಯಲ್ಲಿದ್ದ ಹತ್ತಿರದ ನೆಂಟನೊಬ್ಬನ ಆಸರೆ ಸಿಕ್ಕಿತು. ಅವನ ಹೆಸರೂ ಹೈದರ್ ಸಾಹೇಬನೇ. ಹುಡುಗರು ಬದುಕಿಕೊಂಡರು, ತಮ್ಮ ಹೆಸರು, ಮಾತು, ಧರ್ಮ, ಬಳಗ ಎಲ್ಲದರ ಜೊತೆಗೆ.

ಅದೇ ಹೈದರ್ ದೊಡ್ಡವನಾಗಿ ಮಲಬಾರಿಗೆ ದಂಡೆತ್ತಿ ಹೋದ. ಅಲ್ಲಿ ಸೆರೆಸಿಕ್ಕವರಲ್ಲಿ ಒಬ್ಬ ನಾಯರ್ ಹುಡುಗನಿದ್ದ. ಅವನನ್ನು ಶ್ರೀರಂಗಪಟ್ಟಣಕ್ಕೆ ತಂದು, ಮತಾಂತರಿಸಿ, ಅಯಾಜ್ ಎಂಬ ಹೆಸರಿಟ್ಟು ಬೆಳೆಸಿದರು. ಇಂಥ ಸೆರೆಯ ಹುಡುಗರನ್ನು ಚೇಲಾಗಳೆಂದು ಕರೆದು ಅವರದೇ ಪಡೆ ಕಟ್ಟುವ ಪದ್ಧತಿಯೂ ಇತ್ತು. ಅಯಾಜನ ಮೇಲೆ ಹೈದರನಿಗೆ ಹೆತ್ತ ಮಗನಿಗಿಂತ ಹೆಚ್ಚಿನ ಅಕ್ಕರೆಯಿತ್ತೆಂದೂ, ಟಿಪ್ಪುವಿನ ಎದುರಿಗೇ ಅವನನ್ನು ಹೊಗಳುತ್ತಿದ್ದನೆಂದೂ ಇತಿಹಾಸದಲ್ಲಿದೆ. ಚಿತ್ರದುರ್ಗದ ಆಡಳಿತ ಕೊಟ್ಟ, ಬಿದನೂರನ್ನೂ ವಹಿಸಿದ. 1782ರ ಡಿಸೆಂಬರಿನಲ್ಲಿ ಹೈದರ್ ಸತ್ತ. ಮುಂದಿನ ತಿಂಗಳೇ ಅಯಾಜ್ ಬಿದನೂರನ್ನು ಇಂಗ್ಲಿಷರ ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿ ರಾಜ್ಯ ಬಿಟ್ಟು ಹೋದ. ಅವನನ್ನು ದ್ರೋಹಿ ಎಂದು ಬರೆದವರುಂಟು. ನನಗೆ ಹಾಗೆ ಕಾಣುವುದಿಲ್ಲ. ಅವನನ್ನು ಆ ಮನೆಗೆ ಕಟ್ಟಿದ್ದ ಕೊಂಡಿ ಒಬ್ಬನೇ ಮನುಷ್ಯ. ಆ ಮನುಷ್ಯ ಹೋದ ಮೇಲೆ ಉಳಿದದ್ದು ತನ್ನನ್ನು ಕಂಡರಾಗದ ಉತ್ತರಾಧಿಕಾರಿ, ಮತ್ತು ತಾನು ಹುಟ್ಟದ ನಾಡು. ಅಕ್ಕರೆ ನಿಜವಾಗಿತ್ತು ಎಂದೇ ಇಟ್ಟುಕೊಳ್ಳೋಣ. ಅಷ್ಟಾದರೂ ಅದು ಅವನ ನಾಡಿಗೆ ದಂಡೆತ್ತಿ ಬಂದವರ ಅಕ್ಕರೆ.

ಇದು ಇನ್ನೂರು ವರ್ಷ ಹಿಂದಿನ ಮಾತು ಎಂದು ಸುಮ್ಮನಾಗುವ ಹಾಗಿಲ್ಲ. 2023ರ ಮಾರ್ಚ್ 17ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ರಷ್ಯಾದ ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಮತ್ತು ಅಲ್ಲಿನ ಮಕ್ಕಳ ಹಕ್ಕುಗಳ ಆಯುಕ್ತೆ ಮರಿಯಾ ಲ್ವೋವಾ-ಬೆಲೋವಾ ಅವರ ಮೇಲೆ ಬಂಧನದ ವಾರಂಟ್ ಹೊರಡಿಸಿತು. ಆರೋಪ ಏನೆಂದರೆ, ಯುಕ್ರೇನಿನ ಮಕ್ಕಳನ್ನು ಕಾನೂನುಬಾಹಿರವಾಗಿ ಸಾಗಿಸಿದ್ದು. ಅನಾಥರನ್ನು ಕಾಪಾಡಿ ಮನೆ ಕೊಟ್ಟಿದ್ದೇವೆ ಎಂಬುದು ಆ ಕಡೆಯವರ ಸಮರ್ಥನೆ. ಆ ಸಮರ್ಥನೆಯನ್ನು ಕಾನೂನು ಯಾಕೆ ಸುಲಭವಾಗಿ ಒಪ್ಪುವುದಿಲ್ಲ ಎಂದು ತಿಳಿಯಲು ನಾವು 1948ಕ್ಕೆ ಹೋಗಬೇಕು, ನಾವು ಕುಳಿತಿರುವ ಈ ಹೈದರಾಬಾದಿಗೇ ಬರಬೇಕು.

ಇಲ್ಲಿನ ಕನ್ನಡಿಗರಾದ ನಿಮ್ಮಲ್ಲಿ ಬಹಳ ಮಂದಿ ಬೀದರ, ಕಲಬುರಗಿ, ರಾಯಚೂರು ಕಡೆಯವರು. ಅಜ್ಜ ಅಜ್ಜಿಯರಿಂದ ಆ ವರ್ಷದ ಕಥೆ ಕೇಳಿ ಬೆಳೆದವರು. ನಿಜಾಮನ ಪರ ನಿಂತ ರಜಾಕಾರರ ಹಾವಳಿಯಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾದಂಥ ಊರುಗಳಲ್ಲಿ ಹೆಣಗಳು ಬಿದ್ದವು. ಸೆಪ್ಟೆಂಬರ್ 13ರಿಂದ 17ರವರೆಗೆ, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಂಡ ಪೊಲೀಸ್ ಕಾರ್ಯಾಚರಣೆ ನಡೆಯಿತು. ಅದರ ಬೆನ್ನಿಗೇ ಸೇಡಿನ ಹಿಂಸೆ ಹಬ್ಬಿತು, ಈ ಸಲ ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ತಂಡ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದಲ್ಲಿ ಸುತ್ತಾಡಿತು. 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಹೆಂಗಸರು ಮಕ್ಕಳ ಅಪಹರಣವೂ ಆ ತಂಡದ ವರದಿಯಲ್ಲಿದೆ. ಆ ವರದಿ ಜನರ ಕಣ್ಣಿಗೆ ಬಿದ್ದದ್ದು ದಶಕಗಳು ಕಳೆದ ಮೇಲೆ.

ಆ ತಂಡ ಹಳ್ಳಿಹಳ್ಳಿ ತಿರುಗುತ್ತಿದ್ದ ದಿನಗಳಲ್ಲೇ, 1948ರ ಡಿಸೆಂಬರ್ 9ರಂದು, ವಿಶ್ವಸಂಸ್ಥೆ ನರಮೇಧದ ವಿರುದ್ಧದ ಒಪ್ಪಂದವನ್ನು ಅಂಗೀಕರಿಸಿತು. ಅದರ ಎರಡನೆಯ ವಿಧಿಯಲ್ಲಿ ಐದು ಕೃತ್ಯಗಳ ಪಟ್ಟಿಯಿದೆ. ಮೊದಲನೆಯದು ಕೊಲ್ಲುವುದು. ಕಡೆಯದು, ಒಂದು ಜನಾಂಗವನ್ನು ಇಲ್ಲವಾಗಿಸುವ ಉದ್ದೇಶದಿಂದ ಅದರ ಮಕ್ಕಳನ್ನು ಬಲವಂತವಾಗಿ ಇನ್ನೊಂದು ಜನಾಂಗಕ್ಕೆ ಸೇರಿಸುವುದು. ನಾಜಿಗಳು ಪೋಲೆಂಡಿನ ಮಕ್ಕಳನ್ನು ಕದ್ದು ಜರ್ಮನ್ ಮನೆಗಳಲ್ಲಿ ಜರ್ಮನ್ ಹೆಸರಿಟ್ಟು ಬೆಳೆಸಿದ್ದು ಆಗ ಜಗತ್ತಿಗೆ ಗೊತ್ತಾಗಿತ್ತು. ಆ ಮಕ್ಕಳಲ್ಲಿ ಹಲವರಿಗೆ ಹೊಟ್ಟೆಗೆ ಬಟ್ಟೆಗೆ ಕೊರತೆಯಿರಲಿಲ್ಲ, ಮುದ್ದು ಮಾಡುವ ತಾಯಿಯೂ ಇದ್ದಳು. ಹಾಗಿದ್ದೂ ಕಾನೂನು ಅದನ್ನು ಕೊಲೆಯ ಪಟ್ಟಿಯಲ್ಲೇ ಇರಿಸಿತು. ನನ್ನ ಮಟ್ಟಿಗೆ ಆ ಶತಮಾನ ಮಕ್ಕಳಿಗಾಗಿ ಬರೆದ ಅತ್ಯಂತ ಮುಖ್ಯವಾದ ವಾಕ್ಯ ಅದು.

ಇದಕ್ಕೆ ಇನ್ನೊಂದು ಮುಖವೂ ಇದೆ. ದೇಶ ಒಡೆದಾಗ ಬೇರೆ ಧರ್ಮದವರ ಮನೆ ಸೇರಿದ್ದ ಹೆಂಗಸರನ್ನೂ ಮಕ್ಕಳನ್ನೂ ಅವರವರ ಕಡೆಗೆ ಮರಳಿಸಲು ನಮ್ಮ ಸರ್ಕಾರ 1949ರಲ್ಲಿ ಕಾಯಿದೆ ಮಾಡಿತು. ಯಾವ ವಯಸ್ಸಿನ ಹೆಣ್ಣನ್ನಾದರೂ, ಹದಿನಾರರೊಳಗಿನ ಯಾವ ಹುಡುಗನನ್ನಾದರೂ ಪೊಲೀಸರು ಹುಡುಕಿ ಶಿಬಿರಕ್ಕೆ ಒಯ್ಯಬಹುದಿತ್ತು. ಹೋಗಲು ಇಷ್ಟವಿದೆಯೇ ಎಂದು ಕೇಳುವ ಕಟ್ಟುಪಾಡು ಆ ಕಾಯಿದೆಯಲ್ಲಿರಲಿಲ್ಲ. ಎರಡು ವರ್ಷದಿಂದ ಯಾರನ್ನೋ ಅಮ್ಮಾ ಎಂದು ಕರೆಯಲು ಕಲಿತಿದ್ದ ಮಗು ಇನ್ನೊಂದು ಸಲ ಬೇರು ಕಿತ್ತುಕೊಳ್ಳಬೇಕಾಯಿತು. ಹಳೆಯ ಮನೆಯ ಹಕ್ಕನ್ನು ಕಾಯುವ ಹೆಸರಿನಲ್ಲಿ ಮಗುವನ್ನೇ ಮರೆತರೆ ಹೀಗಾಗುತ್ತದೆ. ಎರಡು ಮನೆಗಳ ನಡುವೆ ಆರಿಸುವವರು ದೊಡ್ಡವರು, ಮಗುವಿಗೆ ಎರಡೂ ಬೇಕಾಗಿರುತ್ತದೆ.

ಎರಡನ್ನೂ ಕೊಟ್ಟವರು ಯಾರಾದರೂ ಇದ್ದರೇ? ನಮ್ಮ ನೆರೆಯಲ್ಲೇ ಇದ್ದರು. ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋಗುವವರಿಗೆ ಗಾಂಧಿನಗರದ ಬಟ್ಟೆ ಮಾರುಕಟ್ಟೆ ಗೊತ್ತು. ಅಲ್ಲೇ ವಳಿವಡೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲಿಷ್ ಜನರ ಶಿಬಿರವಿತ್ತು. ಹೆಚ್ಚಿನವರು ಹೆಂಗಸರು, ಮಕ್ಕಳು. ಸೋವಿಯತ್ ಸರ್ಕಾರ ಅವರನ್ನು ಪೋಲೆಂಡಿನಿಂದ ಎತ್ತಿ ಸೈಬೀರಿಯಾಕ್ಕೂ ಕಜಕಿಸ್ತಾನಕ್ಕೂ ಸಾಗಿಸಿತ್ತು. 1941ರಲ್ಲಿ ಬಿಡುಗಡೆಯಾದ ಮೇಲೆ ಇರಾನ್ ದಾಟಿ ಬಂದರು. ದಾರಿಯಲ್ಲಿ ಸತ್ತವರಿಗೆ ಲೆಕ್ಕವಿಲ್ಲ, ಮಕ್ಕಳಷ್ಟೇ ಉಳಿದ ಕುಟುಂಬಗಳೂ ಇದ್ದವು. ಅಂಥ ಮಕ್ಕಳಲ್ಲಿ ಮೊದಲ ತಂಡಗಳಿಗೆ 1942ರಲ್ಲಿ ಜಾಗ ಕೊಟ್ಟವರು ಗುಜರಾತಿನ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ. ಜಾಮ್‌ನಗರದ ಹತ್ತಿರ ಸಮುದ್ರದಂಡೆಯ ಬಾಲಾಚಡಿಯಲ್ಲಿ ಶಿಬಿರ ಕಟ್ಟಿಸಿದರು. ಇನ್ನು ನೀವು ಅನಾಥರಲ್ಲ, ನಾನು ನಿಮ್ಮ ಬಾಪು ಎಂಬ ಅರ್ಥದ ಮಾತು ಹೇಳಿ ಬರಮಾಡಿಕೊಂಡರೆಂದು ಅಲ್ಲಿ ಬೆಳೆದವರು ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಬಾಪು ಎಂದರೆ ಬಾಪುವಿನಂತೆಯೇ ನಡೆದುಕೊಂಡರು. ದಿನಾ ಪಾಲಕ್ ಸೊಪ್ಪು ಬಡಿಸುತ್ತಿದ್ದರೆಂದು ಮಕ್ಕಳು ಒಮ್ಮೆ ಊಟಕ್ಕೆ ಮುಷ್ಕರ ಹೂಡಿದವಂತೆ. ಸುದ್ದಿ ತಿಳಿದ ಜಾಮ್ ಸಾಹೇಬರು ಇನ್ನು ಪಾಲಕ್ ಮಾಡಬೇಡಿ ಎಂದು ಅಡುಗೆಯವರಿಗೆ ಹೇಳಿದರು. ಕೇಳಲು ಸಣ್ಣ ಸಂಗತಿ. ಆದರೆ ಸೈಬೀರಿಯಾದ ಹಸಿವಿನಿಂದ ಬಂದ ಮಗುವಿಗೆ ಬೇಡ ಎನ್ನುವ ಹಕ್ಕು ಸಿಕ್ಕಿತು. ಕೊಟ್ಟದ್ದನ್ನು ಕೈಮುಗಿದು ತಿನ್ನಬೇಕಾದ್ದು ಛತ್ರದಲ್ಲಿ. ಹಟ ಮಾಡಿದರೂ ನಡೆಯುವ ಜಾಗವೊಂದೇ, ಅದು ಮನೆ.

ಮಹಾರಾಜರು ಆ ಮಕ್ಕಳನ್ನು ಗುಜರಾತಿಗಳನ್ನಾಗಿ ಮಾಡಲಿಲ್ಲ. ಪಾಠ ಪೋಲಿಷ್ ಭಾಷೆಯಲ್ಲಿ, ಪ್ರಾರ್ಥನೆ ಅವರ ಪಾದ್ರಿಯೊಡನೆ, ಹಬ್ಬಕ್ಕೆ ಅವರದೇ ಹಾಡು ಕುಣಿತ. ಯುದ್ಧ ಮುಗಿದು, ಪೋಲೆಂಡಿನಲ್ಲಿ ಸೋವಿಯತ್ ಬೆಂಬಲದ ಸರ್ಕಾರ ಬಂದು, ಮಕ್ಕಳನ್ನು ವಾಪಸು ಕಳಿಸಿ ಎಂಬ ಒತ್ತಾಯ ಬಂತು. ಆಗ ಜಾಮ್ ಸಾಹೇಬರು ಮತ್ತು ಶಿಬಿರದ ಪಾದ್ರಿ ಫ್ರಾನ್ಸಿಶೆಕ್ ಪ್ಲೂಟಾ ಒಬ್ಬ ಬ್ರಿಟಿಷ್ ಅಧಿಕಾರಿಯ ಜೊತೆ ಸೇರಿ, ಮಕ್ಕಳನ್ನು ದತ್ತು ಪಡೆದಿರುವುದಾಗಿ ಕಾಗದಪತ್ರ ಮಾಡಿಸಿದರು. ಮನೆತನ ಬೆಳೆಸಲು ಮಾಡಿದ ದತ್ತಲ್ಲ ಅದು. ಮಗುವನ್ನು ಯಾರೂ ಬಲವಂತವಾಗಿ ಎಳೆದೊಯ್ಯದಿರಲೆಂದು ಮಾಡಿದ್ದು. ಆಮೇಲೆ ಆ ಮಕ್ಕಳು ವಳಿವಡೆಗೆ ಬಂದು, ಅಲ್ಲಿಂದ ಇಂಗ್ಲೆಂಡು, ಅಮೆರಿಕ ಎಂದು ಚದುರಿದರು. ಖಾಲಿಯಾದ ಶಿಬಿರಕ್ಕೆ ಸಿಂಧ್ ಪ್ರಾಂತದ ನಿರಾಶ್ರಿತರು ಬಂದರು, ಅದೇ ಈಗಿನ ಗಾಂಧಿನಗರ. ವಾರ್ಸಾದಲ್ಲಿ ಇಂದು ಒಳ್ಳೆಯ ಮಹಾರಾಜನ ಹೆಸರಿನ ಚೌಕವಿದೆ.

ನಾನು ಹೆಚ್ಚು ಹೊತ್ತು ಮಾತಾಡಬೇಕೆಂದಿರುವುದು ನಮ್ಮ ಬೈಲುಕುಪ್ಪೆಯ ಬಗ್ಗೆ. ಚಳಿಗಾಲ ಬಂತೆಂದರೆ ಹೈದರಾಬಾದಿಗೆ ಸ್ವೆಟರ್ ಮಾರಲು ಟಿಬೆಟನ್ನರು ಬರುತ್ತಾರೆ, ನೀವು ನೋಡಿದ್ದೀರಿ. ಅವರಲ್ಲಿ ಕನ್ನಡ ಬಲ್ಲವರು ಸಿಕ್ಕರೆ ಬೆರಗಾಗಬೇಡಿ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ, ಹುಣಸೂರಿನ ಗುರುಪುರ, ಉತ್ತರ ಕನ್ನಡದ ಮುಂಡಗೋಡು, ಕೊಳ್ಳೇಗಾಲದ ಒಡೆಯರಪಾಳ್ಯ ಅವರ ಊರುಗಳು. 1959ರ ಮಾರ್ಚಿನಲ್ಲಿ ಲಾಸಾದಲ್ಲಿ ದಂಗೆ ಎದ್ದು, ಚೀನಾದ ಸೇನೆ ಅದನ್ನು ಅಡಗಿಸಿತು, ದಲಾಯಿ ಲಾಮಾ ಗಡಿ ದಾಟಿದರು. ಅವರ ಬೆನ್ನಿಗೆ ಸಾವಿರಾರು ಜನ ಬಂದರು. ಅವರಿಗೆ ಸಿಕ್ಕ ಕೂಲಿ ಹಿಮಾಲಯದ ರಸ್ತೆ ಕೆಲಸ. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆಯಬೇಕು, ಕೂಸು ರಸ್ತೆಯ ಅಂಚಿನ ಗುಡಾರದಲ್ಲಿ. ಬಿಸಿಲು, ಭೇದಿ, ಕ್ಷಯ, ಗುಡ್ಡ ಕುಸಿತ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಮಕ್ಕಳು ಅಲ್ಲಿ ಸತ್ತವು, ಎಷ್ಟೋ ಮಕ್ಕಳ ತಂದೆತಾಯಂದಿರೂ ಸತ್ತರು.

1960ರ ಮೇ 17ರಂದು ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲಾಕ್ಕೆ ಬಂದವು. ಕಾಯಿಲೆ ಬಿದ್ದು ಎಲುಬು ಹಂದರವಾಗಿದ್ದ ಮಕ್ಕಳು. ದಲಾಯಿ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ತಾವು ನೋಡಿಕೊಳ್ಳುವುದಾಗಿ ಮುಂದೆ ಬಂದರು. 1964ರಲ್ಲಿ ಅವರು ತೀರಿಕೊಂಡಾಗ ತಂಗಿ ಜೆತ್ಸುನ್ ಪೆಮಾ ಆ ಹೊಣೆ ಹೊತ್ತು, ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಅದೇ ಟಿಬೆಟನ್ ಮಕ್ಕಳ ಗ್ರಾಮ. ಮುಂದೆ ಬೈಲುಕುಪ್ಪೆಯಲ್ಲೂ ಅದರ ಗ್ರಾಮ ಎದ್ದಿತು. ಬೈಲುಕುಪ್ಪೆಯಲ್ಲಿ ಅಂದಿನ ಮೈಸೂರು ರಾಜ್ಯ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತ್ತು. ಎಸ್. ನಿಜಲಿಂಗಪ್ಪನವರ ಹೆಸರನ್ನು ಅಲ್ಲಿನ ಹಿರಿಯರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಕಾಡು ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆದ ಜನ ಅವರು.

ಆ ಗ್ರಾಮದ ಒಳಗಿನ ಏರ್ಪಾಡನ್ನು ನೋಡಬೇಕು. ಸಾಲು ಮಂಚಗಳ ದೊಡ್ಡ ಹಾಸ್ಟೆಲ್ ಅಲ್ಲ, ಬೇರೆ ಬೇರೆ ಮನೆಗಳು. ಒಂದೊಂದು ಮನೆಗೆ ಒಬ್ಬ ತಾಯಿ, ಅಮಾಲಾ. ಮಕ್ಕಳೆಲ್ಲ ಒಂದೇ ವಯಸ್ಸಿನವರಲ್ಲ. ಎತ್ತರದ ಹುಡುಗಿ ಚಿಕ್ಕವಳ ಜಡೆ ಹೆಣೆಯುತ್ತಾಳೆ, ದೊಡ್ಡ ಹುಡುಗ ನೀರು ತುಂಬುತ್ತಾನೆ, ಒಬ್ಬ ಹಿಟ್ಟು ನಾದಿದರೆ ಇನ್ನೊಬ್ಬ ತರಕಾರಿ ಹೆಚ್ಚುತ್ತಾನೆ. ಜಗಳಕ್ಕೂ ರಾಜಿಗೂ ಅಣ್ಣ ಅಕ್ಕಂದಿರಿದ್ದಾರೆ. ಆಡುವುದು ಟಿಬೆಟನ್, ಸಣ್ಣ ತರಗತಿಗಳ ಪಾಠವೂ ಅದರಲ್ಲೇ. ಲೋಸಾರ್ ಹಬ್ಬಕ್ಕೆ ಹೊಸ ಬಟ್ಟೆ. ರಜೆ ಬಂದಾಗ ಬಳಗವಿರುವ ಮಕ್ಕಳು ಊರಿಗೆ ಹೊರಡುತ್ತವೆ, ಯಾರೂ ಇಲ್ಲದ ಮಕ್ಕಳು ಅಮಾಲಾ ಜೊತೆ ಉಳಿಯುತ್ತವೆ. ತಬ್ಬಲಿಯೂ ತಬ್ಬಲಿಯಲ್ಲದವನೂ ಒಂದೇ ಊಟದ ಸಾಲಿನಲ್ಲಿ ಕೂರುವುದರಿಂದ ಯಾವ ಮಗುವಿನ ಹಣೆಯ ಮೇಲೂ ಅನಾಥ ಎಂಬ ಹಣೆಪಟ್ಟಿ ಇರುವುದಿಲ್ಲ. ಇದು ಬಹು ದೊಡ್ಡ ಸಂಗತಿ. ಎಷ್ಟೋ ಮಕ್ಕಳ ತಂದೆತಾಯಿ ಟಿಬೆಟಿನಲ್ಲೇ ಉಳಿದು, ಮಗುವನ್ನು ಮಾತ್ರ ಹಿಮ ದಾಟಿಸಿ ಕಳಿಸಿದ್ದರು. ಅವರು ಸತ್ತಿಲ್ಲ, ಸಿಗುವುದೂ ಇಲ್ಲ. ಅಂಥ ಮಗುವಿಗೆ ನಿನಗೆ ಯಾರೂ ಇಲ್ಲ ಎಂದು ಹೇಳುವುದು ಸುಳ್ಳು. ಅಮಾಲಾ ಅದನ್ನು ಹೇಳಬೇಕಾಗಿಲ್ಲ.

ಇದೇ ಟಿಬೆಟನ್ ಮಕ್ಕಳಿಗೆ ಇನ್ನೊಂದು ದಾರಿಯೂ ತೆರೆಯಿತು. 1961ರಿಂದ 1964ರ ನಡುವೆ ಸ್ವಿಟ್ಜರ್ಲೆಂಡಿನ ಉದ್ಯಮಿ ಚಾರ್ಲ್ಸ್ ಎಶಿಮಾನ್, ದಲಾಯಿ ಲಾಮಾ ಅವರ ಒಪ್ಪಿಗೆ ಪಡೆದು, ಸುಮಾರು 160 ಮಕ್ಕಳನ್ನು ಅಲ್ಲಿನ ಕುಟುಂಬಗಳಲ್ಲಿ ಇರಿಸಿದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಸ್ವಿಸ್ ಮನೆಗಳು ಅನಾಥರು ಬಂದರೆಂದೇ ತಿಳಿದು ಬಾಗಿಲು ತೆರೆದವು. ಆದರೆ ಆ ಮಕ್ಕಳಲ್ಲಿ ಬಹುಪಾಲಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಓದಲಿ, ಮುಂದೆ ಬರಲಿ ಎಂದು ಕಳಿಸಿದ್ದರು. ಮಕ್ಕಳು ಓದಿದರು ನಿಜ. ಮಾತು ಮರೆತರು. ವರ್ಷಗಳ ಮೇಲೆ ಹೆತ್ತ ತಾಯಿ ಎದುರು ಕೂತಾಗ ಇಬ್ಬರ ನಡುವೆ ದುಭಾಷಿ ಬೇಕಾಯಿತು. ಎರಡು ಮನೆಗಳ ನಡುವೆ ಸೀಳಿಹೋಗಿ ಚೇತರಿಸಿಕೊಳ್ಳದವರೂ ಇದ್ದರು. ಬೈಲುಕುಪ್ಪೆಯ ಮನೆಯಲ್ಲಿ ಸ್ವಿಟ್ಜರ್ಲೆಂಡಿನ ಅನುಕೂಲ ಇರಲಿಲ್ಲ. ಆದರೂ ಯಾವುದನ್ನು ಆರಿಸುತ್ತೀರಿ ಎಂದು ನನ್ನನ್ನು ಕೇಳಿದರೆ, ಬೈಲುಕುಪ್ಪೆಯನ್ನೇ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ಒಬ್ಬ ತಾಯಿ, ಒಡಹುಟ್ಟಿದವರು, ಒಂದು ಮನೆ, ಒಂದು ಗ್ರಾಮ ಎಂಬ ಏರ್ಪಾಡನ್ನು ಎರಡನೆಯ ಮಹಾಯುದ್ಧದ ನಂತರ ಜಗತ್ತಿಗೆ ಪರಿಚಯಿಸಿದ್ದು ಆಸ್ಟ್ರಿಯಾದ ಹರ್ಮನ್ ಗ್ಮೈನರ್. 1949ರಲ್ಲಿ ಅವರು ಕಟ್ಟಿದ ಎಸ್‌ಒಎಸ್ ಸಂಸ್ಥೆಯೊಂದಿಗೆ 1972ರಲ್ಲಿ ಟಿಬೆಟನ್ ಮಕ್ಕಳ ಗ್ರಾಮವೂ ಸೇರಿತು. ಗ್ಮೈನರ್ ತೀರಿಕೊಂಡು ದಶಕಗಳಾದ ಮೇಲೆ, 2025ರಲ್ಲಿ, ಬಾಲಕರ ಮೇಲೆ ಅವರಿಂದ ದೌರ್ಜನ್ಯ ನಡೆದ ಆರೋಪಗಳಿವೆ ಎಂದು ಆಸ್ಟ್ರಿಯಾದ ಆ ಸಂಸ್ಥೆಯೇ ಬಹಿರಂಗಪಡಿಸಿತು. ಓದಿದಾಗ ನನಗೆ ಆಘಾತವಾಯಿತು. ಆಲೋಚನೆ ಎಷ್ಟೇ ಒಳ್ಳೆಯದಿರಲಿ, ದಿಕ್ಕಿಲ್ಲದ ಮಕ್ಕಳಿರುವ ಕಡೆ ಯಾರನ್ನೂ ದೇವರ ಜಾಗದಲ್ಲಿ ಕೂರಿಸಬಾರದು. ಮಗುವಿನ ದೂರು ಕೇಳುವ ಒಬ್ಬರು ಆ ಆವರಣದ ಹೊರಗೆ ಇರಲೇಬೇಕು. ನೆಂಟರೊಡನೆ ಕೊಂಡಿ ಉಳಿಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ, ಬಂದು ಹೋಗುವ ಚಿಕ್ಕಪ್ಪನೊಬ್ಬನಿದ್ದರೆ ಮಗು ಅವನ ಕಿವಿಯಲ್ಲಿ ಹೇಳೀತು.

ಇನ್ನು ನಮ್ಮ ಕಾನೂನಿನ ಎರಡು ಮಾತು. 1956ರ ಹಿಂದೂ ದತ್ತಕ ಕಾಯಿದೆ ಮುಸ್ಲಿಮ್, ಕ್ರೈಸ್ತ, ಪಾರ್ಸಿಯವರಿಗೆ ಅನ್ವಯಿಸುವುದಿಲ್ಲ. ಅವರಿಗೆ ಮೊದಲು 1890ರ ಕಾಯಿದೆಯಡಿ ಪಾಲಕತ್ವ ಮಾತ್ರ ಸಿಗುತ್ತಿತ್ತು, ಮಗು ಕಾನೂನಿನ ಕಣ್ಣಿಗೆ ಮಗುವಾಗುತ್ತಿರಲಿಲ್ಲ. ಬಾಲನ್ಯಾಯ ಕಾಯಿದೆಯ ಅಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂದು 2014ರಲ್ಲಿ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2015ರ ಬಾಲನ್ಯಾಯ ಕಾಯಿದೆ ಪುಣ್ಯಕೋಟಿಯ ಸರದಿಯನ್ನು ಒಪ್ಪಿಕೊಂಡಿದೆ. ಸಿಕ್ಕ ಮಗುವಿನ ಹೆತ್ತವರನ್ನು ಮಕ್ಕಳ ಕಲ್ಯಾಣ ಸಮಿತಿ ಮೊದಲು ಹುಡುಕಿಸಬೇಕು. ಮಗು ಎರಡು ವರ್ಷದೊಳಗಿನದಾದರೆ ಎರಡು ತಿಂಗಳು, ಮೇಲಿನದಾದರೆ ನಾಲ್ಕು ತಿಂಗಳ ಅವಧಿ. ಪತ್ರಿಕೆಯ ಮೂಲೆಯಲ್ಲಿ ಪುಟ್ಟ ಫೋಟೋದೊಂದಿಗೆ ಬರುವ ಪ್ರಕಟಣೆಗಳು ಈ ಹುಡುಕಾಟದ್ದೇ, ದಯವಿಟ್ಟು ಅವನ್ನು ಓದಿ. ದತ್ತು ಹೋದ ಮಗು ಪ್ರಾಯಕ್ಕೆ ಬಂದ ಮೇಲೆ ತನ್ನ ಮೂಲವನ್ನು ಅರಸುವ ಹಕ್ಕನ್ನೂ ನಿಯಮಗಳು ಕೊಟ್ಟಿವೆ.

ಹೈದರಾಬಾದಿನ ಈ ಮಾದಾಪುರದ ಅಪಾರ್ಟ್‌ಮೆಂಟುಗಳಲ್ಲಿ ದತ್ತುವಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುತ್ತಿರುವ ದಂಪತಿಗಳಿದ್ದಾರೆ. ಅವರಲ್ಲಿ ಹೆಚ್ಚಿನವರು ಕೇಳುವುದು ಕೈಗೂಸನ್ನು, ಏನೂ ನೆನಪಿಲ್ಲದ ಮಗುವನ್ನು. ಗಲಭೆಯಿಂದ, ಯುದ್ಧದಿಂದ ಬಂದ ಮಕ್ಕಳಿಗೆ ನೆನಪಿರುತ್ತದೆ. ಏಳು ಎಂಟು ವರ್ಷದ ಹುಡುಗಿಗೆ ತನ್ನ ಅಮ್ಮನ ಸೀರೆಯ ಬಣ್ಣ ಗೊತ್ತು, ತಮ್ಮನ ಹೆಸರು ಗೊತ್ತು. ಆ ನೆನಪಿಗೆ ಹೆದರಿಯೇ ದೊಡ್ಡ ಮಕ್ಕಳನ್ನು ಹೆಚ್ಚಿನವರು ಕರೆದೊಯ್ಯುವುದಿಲ್ಲ, ಅವು ಬಾಲಮಂದಿರಗಳಲ್ಲೇ ಬೆಳೆಯುತ್ತವೆ. ಅಂಥವರಿಗಾಗಿ ಪೋಷಕ ಆರೈಕೆ ಎಂಬ ಏರ್ಪಾಡಿದೆ. 2024ರ ಮಾರ್ಗಸೂಚಿಯ ಪ್ರಕಾರ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಮಗುವನ್ನು ಹೀಗೆ ಸಾಕಬಹುದು. ಎರಡು ವರ್ಷ ಸಾಕಿದ ಮೇಲೆ ದತ್ತು ಪಡೆಯಲು ಕೇಳಬಹುದು, ಮೊದಲು ಇದಕ್ಕೆ ಐದು ವರ್ಷ ಬೇಕಿತ್ತು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. 1098ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಮನೆಗೆ ಬಂದ ಹುಡುಗಿ ತಮ್ಮನ ಮಾತೆತ್ತಿದರೆ ಮಾತು ಬದಲಿಸಬೇಡಿ, ಎಲ್ಲಿದ್ದಾನೆ ಎಂದು ಕೇಳಿ. ಇದ್ದರೆ ಅವನನ್ನೂ ಹುಡುಕಿಸಿ.